ರುಚಿ ಬಲ್ಲವರು ಮತ್ತು ಮೂಲ ಬಲ್ಲವರು



ಕುಡಿತಕ್ಕೆ ನಮ್ಮ ಕಾಲವು ಮರ್ಯಾದೆಯ ಹೆಸರೊಂದನ್ನು ಹುಡುಕಿಕೊಂಡಿದೆ: 'ರುಚಿ ನೋಡುವುದು'. ಬೆಂಗಳೂರು, ಪುಣೆ, ಗೋವೆಗಳಲ್ಲಿ ದುಡಿಯುವ ನಮ್ಮ ಯುವಕರು ಕ್ರಿಸ್ಮಸ್ ಹಬ್ಬಕ್ಕೆ ಮನೆಗೆ ಬರುವಾಗ ಮೂರು-ನಾಲ್ಕು ಬಗೆಯ ಬಾಟಲಿಗಳನ್ನು ತರುತ್ತಾರೆ. ಅವನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಇದರಲ್ಲಿ ಜೇನಿನ ಪರಿಮಳ, ಅದರಲ್ಲಿ ಹೊಗೆಯ ಘಮ, ಇದಕ್ಕೆ ನೂರಕ್ಕೆ ತೊಂಬತ್ತು, ಅದಕ್ಕೆ ಎಂಬತ್ತೈದು ಎಂದು ಅಂಕ ಕೊಡುತ್ತಾರೆ. ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಾಗಲಿ, ಅಂಥ ಇನ್ನಾವುದೇ ಊರಿನಲ್ಲಾಗಲಿ, ಕೂಲಿಯವನೊಬ್ಬ ಸಂಜೆ ಅಗ್ಗದ ಪ್ಯಾಕೆಟ್ಟಿನ ಮೂತಿ ಹರಿದು ಬಾಯಿಗೆ ಸುರಿದುಕೊಂಡರೆ ಅವನು ಕುಡುಕ. ಬಾಟಲಿಗಳನ್ನು ಹೋಲಿಸಿ ನೋಡುವ ಇವರು ರಸಿಕರು! ಈ ಎರಡು ತಕ್ಕಡಿಗಳನ್ನು ನಾವು ಎಲ್ಲಿಂದ ತಂದೆವು?

ರುಚಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾಲಗೆ ದೇವರ ಕೊಡುಗೆ. ವಿಜಯಪುರದ ಸೀಮೆಯವರಿಗೆ ಅದರ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಎರೆಹೊಲದಲ್ಲಿ ಬೆಳೆದ ಮಾಲದಂಡಿ ಜೋಳದ ರೊಟ್ಟಿಯನ್ನು ಒಂದೇ ತುತ್ತಿನಲ್ಲಿ ಗುರುತಿಸುವ ಅಜ್ಜಿಯರು ಅಲ್ಲಿದ್ದಾರೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ದೊರೆತಿದೆ.

ಮದ್ಯ ತಯಾರಿಕೆಯಲ್ಲಿಯೂ ಕುಶಲತೆಯಿದೆ ಎಂಬುದನ್ನು ಒಪ್ಪೋಣ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯು ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು. ವಿಮರ್ಶಕ ಜಿಮ್ ಮರ್ರೆ ತನ್ನ 2010ರ ಕೈಪಿಡಿಯಲ್ಲಿ ಅದರ 'ಫ್ಯೂಷನ್' ವಿಸ್ಕಿಗೆ ಜಗತ್ತಿನಲ್ಲಿ ಮೂರನೆಯ ಸ್ಥಾನ ಕೊಟ್ಟರು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ ಎರಡರಷ್ಟು ಆವಿಯಾದರೆ, ಬೆಂಗಳೂರಿನ ಬಿಸಿಲಿಗೆ ಶೇಕಡಾ ಹತ್ತಕ್ಕೂ ಮಿಕ್ಕಿ ಹಾರಿಹೋಗುತ್ತದೆ. ಆ ನಷ್ಟವನ್ನು ತಾಳಿಕೊಂಡು, ಬೇಗ ಮಾಗುವ ಹದವನ್ನು ಅರಿತು ಮಾಡಿದ ಕೆಲಸವದು. ಅದನ್ನು ಸಾಧನೆ ಎನ್ನಲು ನನಗೆ ಸಂಕೋಚವಿಲ್ಲ.

ಆದರೆ ಆ ಕಸುಬಿನವರು ರುಚಿ ನೋಡುವ ಬಗೆಯನ್ನು ಕೇಳಿ ಬಲ್ಲಿರಾ? ವಿಸ್ಕಿಗಳನ್ನು ಬೆರೆಸುವ ಪರಿಣತನು ಬಹುಮಟ್ಟಿಗೆ ಮೂಗಿನಿಂದಲೇ ಕೆಲಸ ಮಾಡುತ್ತಾನೆ. ನೀರು ಬೆರೆಸಿ ತೆಳುಮಾಡಿ ಮೂಸುತ್ತಾನೆ. ಬಾಯಿಗೆ ಹಾಕಿಕೊಂಡರೂ ಉಗುಳುತ್ತಾನೆ. ನುಂಗಿದರೆ ಮುಂದಿನ ಲೋಟವನ್ನು ಅಳೆಯುವ ಶಕ್ತಿ ಕುಂದುತ್ತದೆಂದು ಅವನು ಬಲ್ಲ. ರುಚಿಯೇ ಗುರಿಯಾದರೆ ಒಂದು ಚಮಚ ಸಾಕು, ಪಕ್ಕದಲ್ಲೊಂದು ಪೀಕದಾನಿ ಬೇಕು. ಮೂರು ತಾಸು ಕುಳಿತು ನಾಲ್ಕು ಬಾಟಲಿ ಬರಿದುಮಾಡಿ ಎದ್ದವರು ರುಚಿಯ ಹೆಸರು ಹೇಳುವುದು ಬರಿಯ ನೆಪ.

ಅಂಕಗಳ ಮಾತಂತೂ ಇನ್ನೂ ಸ್ವಾರಸ್ಯಕರ. ಅಮೆರಿಕದ ಕ್ಯಾಲಿಫೋರ್ನಿಯದ ಮೇಳವೊಂದರ ಪರಿಣತ ತೀರ್ಪುಗಾರರಿಗೆ ಒಂದೇ ಬಾಟಲಿಯ ದ್ರಾಕ್ಷಾರಸವನ್ನು, ಅವರಿಗೆ ತಿಳಿಯದಂತೆ, ಮೂರು ಸಲ ಕೊಟ್ಟು ಪರೀಕ್ಷಿಸಲಾಯಿತು. ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಮ್ಮದೇ ತೀರ್ಪಿಗೆ ಹೆಚ್ಚುಕಡಿಮೆ ಬದ್ಧರಾಗಿ ನಿಂತವರು ಹತ್ತರಲ್ಲಿ ಒಬ್ಬರು ಮಾತ್ರ. ಪಳಗಿದ ನಾಲಗೆಗಳ ಗತಿಯೇ ಹೀಗಾದರೆ ನಮ್ಮ ಹಬ್ಬದ ಮೇಜಿನ ತೀರ್ಪುಗಾರರ ಪಾಡೇನು?

ಹೋಲಿಸುವುದಾದರೆ ಪೂರ್ತಿ ಹೋಲಿಸೋಣ

ಹೋಲಿಕೆಯನ್ನು ನಾನು ಬೇಡವೆನ್ನುವುದಿಲ್ಲ. ಅದು ಅರ್ಧಕ್ಕೆ ನಿಲ್ಲಬಾರದು ಎನ್ನುತ್ತೇನೆ. ಶೇಕಡಾ 42.8 ಮದ್ಯಸಾರವಿರುವ ಸಾಮಾನ್ಯ ವಿಸ್ಕಿಯ 60 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಶೇಕಡಾ 50ರ ದುಬಾರಿ ವಿಸ್ಕಿಯಾದರೆ ಅದೇ ಅಳತೆಯಲ್ಲಿ 24 ಗ್ರಾಂ. ಕೂಲಿಕಾರನ 90 ಮಿಲಿಲೀಟರಿನ ಪ್ಯಾಕೆಟ್ಟಿನಲ್ಲಿ 30 ಗ್ರಾಂ. 'ಬರೀ ಬಿಯರ್' ಎಂದು ನಾವು ತಳ್ಳಿಹಾಕುವ, ಶೇಕಡಾ 8ರ ಗಡಸು ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 41 ಗ್ರಾಂ. ಎಂದರೆ ಎರಡು ದೊಡ್ಡ ಪೆಗ್ ವಿಸ್ಕಿಗೆ ಸಮ. ನಾಲಗೆ ಇವುಗಳಲ್ಲಿ ನೂರು ಭೇದಗಳನ್ನು ಕಾಣಬಹುದು. ಯಕೃತ್ತಿಗೆ ಲೇಬಲ್ ಓದಲು ಬರುವುದಿಲ್ಲ. ಮದ್ಯವು ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವು 1988ರಲ್ಲಿಯೇ ಸಾರಿದೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಆ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು.

ಇನ್ನು ಲೇಬಲ್ಲಿನ ಸತ್ಯವನ್ನೂ ಕೇಳಿರಿ. ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಹೆಚ್ಚಿನವು ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ಬಟ್ಟಿ ಇಳಿಸಿದ, ಸ್ವಂತ ವಾಸನೆಯಿಲ್ಲದ ಸ್ಪಿರಿಟ್ಟಿಗೆ ಒಂದಿಷ್ಟು ಮಾಲ್ಟನ್ನೂ ಬಣ್ಣವನ್ನೂ ಬೆರೆಸಿದವು. ಕಾಕಂಬಿಯಿಂದ ಮಾಡಿದ್ದನ್ನು ಐರೋಪ್ಯ ಒಕ್ಕೂಟದ ಕಾಯಿದೆ ವಿಸ್ಕಿ ಎಂದು ಕರೆಯಲೂ ಬಿಡುವುದಿಲ್ಲ. ಭೀಮಾ ತೀರದ ರೈತನು ಕಬ್ಬು ಬೆಳೆಯುತ್ತಾನೆ. ಆ ಕಬ್ಬಿನ ಕೊನೆಯ ಕಪ್ಪು ಪಾಕವು ಬಣ್ಣ ಕಟ್ಟಿಕೊಂಡು ಅವನ ಊರಿಗೇ ಮರಳಿ ಬಂದು, ಅವನ ಮಗನ ದಿನಗೂಲಿಯನ್ನು ಕಸಿದುಕೊಳ್ಳುತ್ತದೆ.

ಬೆಲೆಯ ಹೋಲಿಕೆಯೂ ಆಗಲಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಬಡವನ ಸಾರಾಯಿ ಹೋಗಿ, ಬಡವನ ವಿಸ್ಕಿ ಪ್ಯಾಕೆಟ್ಟು ಬಂದಿತು. 2024ರಲ್ಲಿ ನೆರೆರಾಜ್ಯಗಳ ಬೆಲೆಗೆ ಸರಿದೂಗಿಸುವ ಸಲುವಾಗಿ ಸರ್ಕಾರವು ದುಬಾರಿ ಮದ್ಯಗಳ ತೆರಿಗೆ ಇಳಿಸಿತು. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ರಸಿಕನಿಗೆ ರಿಯಾಯಿತಿ ಸಿಕ್ಕಿತು. ಖಜಾನೆಯ ಹಸಿವು ಮಾತ್ರ ಇಳಿಯಲಿಲ್ಲ.

ಕಾನಾ ಊರಿನ ಸೇವಕರು

"ಫಾದರ್, ಯೇಸುಸ್ವಾಮಿಯೇ ನೀರನ್ನು ದ್ರಾಕ್ಷಾರಸ ಮಾಡಲಿಲ್ಲವೇ? ನಿಮ್ಮ ಸಂನ್ಯಾಸಿಗಳೇ ಅಲ್ಲವೇ ಇದನ್ನೆಲ್ಲ ಬಟ್ಟಿ ಇಳಿಸಿದವರು?" ಎಂದು ನೀವು ಕೇಳಬಹುದು. ನಿಜ. ಸ್ಕಾಟ್ಲೆಂಡಿನಲ್ಲಿ ಈ ಪಾನೀಯದ ಮೊದಲ ದಾಖಲೆಯೆಂದು ಹೆಸರಾದ 1494ರ ರಾಜಲೆಕ್ಕದಲ್ಲಿ ಕಾಣುವ ಹೆಸರು ಸಂನ್ಯಾಸಿ ಜಾನ್ ಕೋರ್ ಎಂಬವರದು; 'ಜೀವಜಲ' ತಯಾರಿಸಲು ಅವರಿಗೆ ಮಾಲ್ಟ್ ಕೊಡಲಾಯಿತೆಂದು ಅಲ್ಲಿ ಬರೆದಿದೆ. ದ್ರಾಕ್ಷಾರಸವನ್ನು ಧರ್ಮಸಭೆ ಪಾಪವೆಂದು ಕರೆದಿಲ್ಲ, ಮಿತಿಮೀರುವುದನ್ನು ಪಾಪವೆಂದಿದೆ. ಬಲಿಪೀಠದ ಮೇಲೆಯೂ ಅದಿದೆ. ಆದರೆ ಅಲ್ಲಿ ಯಾರೂ ಅಂಕ ಕೊಡುವುದಿಲ್ಲ. ಮದ್ಯದ ಚಟಕ್ಕೆ ಸಿಲುಕಿ ಹೊರಬಂದ ಗುರುವಿಗೆ, ಹುದುಗುವಿಕೆ ತಡೆದ ದ್ರಾಕ್ಷಿರಸದಿಂದಲೇ ಬಲಿಪೂಜೆ ಅರ್ಪಿಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದು. ದುರ್ಬಲನೊಬ್ಬನಿಗಾಗಿ ಪೀಠವೇ ತಗ್ಗುವಾಗ, ನಮ್ಮ ಮನೆಯ ಮೇಜು ತಗ್ಗಬಾರದೇ?

ಕಾನಾ ಊರಿನ ಮದುವೆಯನ್ನು ಇನ್ನೊಮ್ಮೆ ಓದಿರಿ (ಯೊವಾನ್ನ 2:1-11). ಅಲ್ಲಿಯೂ ಒಬ್ಬ ರುಚಿಗಾರನಿದ್ದಾನೆ: ಔತಣದ ಮೇಲ್ವಿಚಾರಕ. ಅವನು ಸವಿದ, ಹೋಲಿಸಿದ, ಇದು ಮೊದಲಿನದಕ್ಕಿಂತ ಉತ್ತಮವೆಂದು ತೀರ್ಪಿತ್ತ. ಅವನ ನಾಲಗೆ ತಪ್ಪಲಿಲ್ಲ. ಆದರೆ ಅದು ಎಲ್ಲಿಂದ ಬಂದಿತೆಂದು ಅವನಿಗೆ ತಿಳಿದಿರಲಿಲ್ಲ. ನೀರು ಹೊತ್ತು ಆರು ಬಾನೆಗಳನ್ನು ಕಂಠದವರೆಗೆ ತುಂಬಿದ ಸೇವಕರಿಗೆ ತಿಳಿದಿತ್ತು ಎನ್ನುತ್ತಾರೆ ಯೊವಾನ್ನರು.

ನಮ್ಮ ನಾಡಿನಲ್ಲಿಯೂ ಮೂಲ ಬಲ್ಲವರಿದ್ದಾರೆ. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಅವರು ಯಾವ ಬಾಟಲಿಗೂ ಅಂಕ ಕೊಟ್ಟವರಲ್ಲ. ಆದರೆ ಪ್ರತಿಯೊಂದು ಲೋಟವೂ ಯಾವ ಡಬ್ಬಿಯ ಜೋಳದಿಂದ, ಯಾವ ಮಗುವಿನ ಶಾಲೆಯ ಹಣದಿಂದ ತುಂಬುತ್ತದೆಂದು ಅವರಿಗೆ ಗೊತ್ತಿತ್ತು.

ಪ್ರಿಯ ಕುಟುಂಬದವರೇ, ದೀಕ್ಷಾಸ್ನಾನದ, ಪ್ರಥಮ ಪರಮಪ್ರಸಾದದ ಔತಣಗಳಿಂದ ಬಾಟಲಿಯನ್ನು ದೂರವಿಡಿರಿ. ಆ ದಿನ ಮಗುವಿನದು. ಉಳಿದ ದಿನಗಳಲ್ಲಿ, ಹಬ್ಬದ ಮೇಜಿನ ಮೇಲೆ ಬಾಟಲಿಗಳು ಸಾಲುಗಟ್ಟಿದಾಗ, ಅಂಕ ಕೊಡುವ ಕೆಲಸವನ್ನು ಕುಡಿಯುವವರಿಗೆ ಬಿಡಬೇಡಿರಿ. ಅಡುಗೆಮನೆಯಲ್ಲಿರುವ ತಾಯಿಯನ್ನೂ ಹೆಂಡತಿಯನ್ನೂ ಕರೆದು ಕೂರಿಸಿರಿ. ಯಾವ ಬಾಟಲಿಗೆ ಎಷ್ಟು ಅಂಕವೆಂದು ಅವರು ಹೇಳಲಿ.