ಮೊದಲ ಸಾಲಿನ ಸ್ವಿಚ್ ಹಾಕ್ರಿ, ಹಾಕಿದ್ದು ಕಾಣೂ ಹಂಗ ಬರೀರಿ

(1/5)
ಸ್ವೈಪ್ ಮಾಡೂಕಿಂತ ಮೊದಲ ಒಂದು ಲೆಕ್ಕ. ಒಣದ್ರಾಕ್ಷಿ 7 ಬಾಕ್ಸ್ ಅದಾವ, ಪಾಲುದಾರರು ಇಬ್ಬರು. ತಲಾ ಎಷ್ಟು? ಮೂರೂವರೆ ಅಂತ ಜೈನಾಪುರದಾಗ ಯಾವ ಸಣ್ಣ ಹುಡುಗನ್ನ ಕೇಳಿದ್ರೂ ಹೇಳ್ತಾನ. ಆದ್ರ ಪೈಥಾನ್ 2ಕ್ಕ 7ನ್ನ 2ರಿಂದ ಭಾಗಿಸು ಅಂದ್ರ 3 ಅಂತಿತ್ತು. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ. ಉಳಿದ ಒಂದು ಬಾಕ್ಸ್ ಎಲ್ಲಿ ಹೋತು ಅಂತ ಯಾರೂ ಕೇಳೂ ಹಂಗ ಇಲ್ಲ. ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಉತ್ತರವೂ ಪೂರ್ಣಸಂಖ್ಯೆಯೇ ಆಗಬೇಕು ಅನ್ನೋದು ಅದರ ಹಳೆ ನಿಯಮ.

ಈ ನಿಯಮ ಜನರನ್ನ ದಾರಿ ತಪ್ಪಿಸ್ತದ ಅಂತ ಭಾಷೆ ಮಾಡಿದವರಿಗೂ ಗೊತ್ತಿತ್ತು. ಆದ್ರ ಒಂದೇ ರಾತ್ರಿಯಲ್ಲಿ ಬದಲಿಸಿದ್ರ, ಹಳೆ ನಿಯಮ ನಂಬಿ ಬರೆದ ಪ್ರೋಗ್ರಾಂಗಳೆಲ್ಲ ಮರುದಿನ ಬೇರೆ ಉತ್ತರ ಕೊಡ್ತಿದ್ದವು. ಅದಕ್ಕ 2001ರ ಪೈಥಾನ್ 2.2ರಲ್ಲಿ ಒಂದು ಸ್ವಿಚ್ ಇಟ್ಟರು. ಫೈಲಿನ ತಲೆಯಲ್ಲಿ 'ಫ್ರಾಮ್ ಫ್ಯೂಚರ್ ಇಂಪೋರ್ಟ್ ಡಿವಿಜನ್' ಅಂತ ಒಂದು ಸಾಲು ಬರೀರಿ (ಫ್ಯೂಚರ್ ಪದದ ಎರಡೂ ಬದಿಗೆ ಎರಡೆರಡು ಅಂಡರ್‌ಸ್ಕೋರ್), ಆ ಫೈಲಿನಲ್ಲಿ ಮಾತ್ರ 3.5 ಬರ್ತದ. ಪಕ್ಕದ ಫೈಲಿಗೆ ಏನೂ ಆಗಂಗಿಲ್ಲ. ಹಳೆ ಥರದ ಭಾಗಾಕಾರನೇ ಬೇಕು ಅನ್ನೋರಿಗೆ ಎರಡು ಸ್ಲ್ಯಾಶ್ ಹಾಕೋ ಬೇರೆ ಚಿಹ್ನೆ ಕೊಟ್ಟರು.

ಭವಿಷ್ಯದಿಂದ ಭಾಗಾಕಾರ ಆಮದು ಮಾಡ್ಕೊಳ್ಳೋದು! ನನಗಂತೂ ಈ ಸಾಲು ಭಾಳ ಹಿಡಿಸೈತಿ.

(2/5)
ನನ್ನ ಕ್ಲಾಸಿನ ಅರ್ಧ ಮಂದಿಗೆ ಐಚ್ಛಿಕ ಅಂದ್ರ ಒಂದೇ ಅರ್ಥ: ಎಕ್ಸಾಮಿಗೆ ಬರಂಗಿಲ್ಲ, ಬಿಟ್ಟುಬಿಡು. ನಾನು ಒಪ್ಪಂಗಿಲ್ಲ. ಐಚ್ಛಿಕ ಅಂತ ಬಂದದ್ದು ಬಹಳ ಸಲ ನಾಳೆ ಕಡ್ಡಾಯ ಆಗೂದರ ಮುಂಗಡ ನೋಟೀಸ್.

ಬಿಕಾಂನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಆದಾಯ ತೆರಿಗೆಯ ಹೊಸ ಪದ್ಧತಿಯನ್ನೇ ನೋಡ್ರಿ. 1961ರ ಕಾಯ್ದೆಗೆ 115ಬಿಎಸಿ ಕಲಂ ಸೇರಿಸಿದ್ದು 2020ರ ಹಣಕಾಸು ಕಾಯ್ದೆ. 2020-21ರಿಂದ ಅದು ಐಚ್ಛಿಕ. ಬೇಕಾದವರು ಕೇಳಿ ತಗೋಬೇಕಿತ್ತು. 2023-24ರಿಂದ ಅದೇ ಡೀಫಾಲ್ಟ್. ಈಗ ಹಳೆ ಪದ್ಧತಿ ಬೇಕು ಅನ್ನೋರೇ ಬಾಯಿಬಿಟ್ಟು ಹೇಳಬೇಕು, ವ್ಯಾಪಾರದ ಆದಾಯ ಇದ್ದವರು ಅದಕ್ಕ ಬೇರೆ ಫಾರ್ಮ್ ತುಂಬಬೇಕು. ಮೂರು ವರ್ಷ 'ನನಗ್ಯಾಕ' ಅಂತ ಕೂತವರು ನಾಲ್ಕನೇ ವರ್ಷ ಅದರೊಳಗೇ ಇದ್ದರು.

ಪೈಥಾನ್ ಇನ್ನೂ ಒಂದು ಹೆಜ್ಜೆ ಮುಂದ ಹೋತು. 2008ರ ಡಿಸೆಂಬರ್‌ನಲ್ಲಿ ಬಂದ 3.0ರಲ್ಲಿ ಹೊಸ ಭಾಗಾಕಾರ ಕಡ್ಡಾಯ, ವಾಪಸ್ ಹೋಗೋ ಸ್ವಿಚ್ಚೇ ಇಲ್ಲ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕ ಮುಗೀತು; ಮೊದಲು 2015 ಅಂತಿತ್ತು, ಮಂದಿ ಬದಲಾಗಲಿಲ್ಲ ಅಂತ ಐದು ವರ್ಷ ಮುಂದೂಡಿದ್ದರು. 2.2ರ ಕಾಲದಿಂದಲೇ ಆ ಒಂದು ಸಾಲು ಬರ್ಕೊಂಡು ಬಂದಿದ್ದವರಿಗೆ ಭಾಗಾಕಾರದ ಮಟ್ಟಿಗೆ ಆ ದಿನ ಏನೂ ಬದಲಾಗಲಿಲ್ಲ.

(3/5)
ಈಗ ನಮ್ಮ ಫೋನಿನಲ್ಲೇ ಓಡೋ ಜಾವಾಸ್ಕ್ರಿಪ್ಟ್. ಅದರ ಹಳೆ ಸ್ವಭಾವ ಹೆಂಗ ಅಂದ್ರ: ನೀವು 'ಟೋಟಲ್' ಅಂತ ಹೆಸರಿಟ್ಟು, ಮುಂದ ಅವಸರದಾಗ ಸ್ಪೆಲಿಂಗ್ ತಪ್ಪಿಸಿ ಅದಕ್ಕ 500 ಹಾಕಿದ್ರ, ಅದು ಏನೂ ಕೇಳದ ಆ ತಪ್ಪು ಹೆಸರಿನಲ್ಲೇ ಹೊಸ ಖಾತೆ ತೆರೀತದ. ನಿಮ್ಮ ನಿಜವಾದ ಟೋಟಲ್ ಅಲ್ಲೇ ನಿಂತಿರ್ತದ. ಸಸ್ಪೆನ್ಸ್ ಅಕೌಂಟ್ ಆದ್ರೂ ಪುಸ್ತಕದಾಗ ಕಾಣಿಸ್ತದ, ಇದು ಅದೂ ಇಲ್ಲ. 2009ರ ಡಿಸೆಂಬರ್‌ನ ಐದನೇ ಆವೃತ್ತಿಯಲ್ಲಿ 'ಯೂಸ್ ಸ್ಟ್ರಿಕ್ಟ್' ಅನ್ನೋ ಸಾಲು ಬಂತು. ಅದನ್ನ ಫೈಲಿನ ತಲೆಯಲ್ಲಿ ಹಾಕಿದ್ರ, ಘೋಷಿಸದ ಹೆಸರಿಗೆ ಬೆಲೆ ಹಾಕಿದ ಕೂಡಲೇ ಎರರ್ ಹೊಡೀತದ. ಒಂದು ಸಾಲಿಗೆ ಇಷ್ಟು ಕಾವಲು.

ಒಂದು ತೊಡಕೈತಿ. ಆ ಸಾಲು ಕೋಟ್ಸ್ ಒಳಗಿನ ಬರೇ ಪಠ್ಯ. ಹಳೆ ಬ್ರೌಸರ್‌ಗಳು ಅದನ್ನ ಓದಿ ಸುಮ್ನ ಮುಂದ ಹೋಗಲಿ ಅಂತ ಬೇಕಂತಲೇ ಹಂಗ ಮಾಡಿದ್ದು. ಅದಕ್ಕ 'ಸ್ಟ್ರಿಕ್ಟ್' ಸ್ಪೆಲಿಂಗ್ ನೀವು ತಪ್ಪು ಬರೆದ್ರೂ ಅದು ಸುಮ್ನೇ ಇರ್ತದ. ಕಾವಲುಗಾರ ಬಂದಾನ ಅಂತ ನೀವು ತಿಳ್ಕೊಂಡಿರ್ತೀರಿ, ಅವ ಬಂದೇ ಇರಂಗಿಲ್ಲ. ಪೈಥಾನ್ ಇದರಲ್ಲಿ ಮೇಲು: ಫ್ಯೂಚರ್ ಸಾಲಿನ ಹೆಸರು ತಪ್ಪಿದ್ರ ಪ್ರೋಗ್ರಾಂ ಶುರುವೇ ಆಗಂಗಿಲ್ಲ.

ಪರ್ಲ್ ಅಂತ ಒಂದು ಹಳೆ ಭಾಷೆ ಐತಿ. ನಮ್ಮ ವಯಸ್ಸಿನವರು ಹೆಸರೂ ಕೇಳಿರಂಗಿಲ್ಲ, ಆದ್ರ ಈ ಸ್ವಿಚ್ ವಿಷಯದಾಗ ನನಗ ಅದೇ ಗುರು. 2007ರ 5.10ರಿಂದ ಹೊಸ ಸೌಲಭ್ಯಗಳನ್ನ ಹೆಸರು ಹೇಳಿ ಒಂದೊಂದಾಗಿ ತೆರೀಬಹುದು. ಇಲ್ಲಾ 'ಯೂಸ್ ವಿ5.36' ಅಂತ ಒಂದೇ ಸಾಲು ಬರೆದು, 2022ರ ಆ ಆವೃತ್ತಿಯ ಇಡೀ ಕಟ್ಟನ್ನ ತಗೋಬಹುದು. ಸ್ಟ್ರಿಕ್ಟ್, ಎಚ್ಚರಿಕೆಗಳೂ ಜೊತೆಗೇ ಬರ್ತಾವ. ಅದೇ ಫೈಲನ್ನ ಅದಕ್ಕಿಂತ ಹಳೆ ಪರ್ಲ್‌ನಲ್ಲಿ ಓಡಿಸಿದ್ರ 'ನನಗ 5.36 ಬೇಕು, ಇಲ್ಲಿರೋದು ಹಳೇದು' ಅನ್ನೋ ಅರ್ಥದ ಮಾತು ಹೇಳಿ ನಿಲ್ತದ. ತಪ್ಪು ಉತ್ತರ ಕೊಡೋಕಿಂತ ಇಂಥಾ ನಿರಾಕರಣೆ ಎಷ್ಟೋ ಛಲೋ.

(4/5)
ಹಂಗಂತ ಹೊಸದು ಅಂದ ಕೂಡಲೇ ಎಲ್ಲಾ ಸ್ವಿಚ್ ಹಾಕ್ರಿ ಅಂತ ನಾನು ಹೇಳಾಕತ್ತಿಲ್ಲ. ಅದೇ ಪರ್ಲ್ 5.10ರಲ್ಲಿ 'ಗಿವನ್-ವೆನ್' ಅಂತ ಬಂದಿತ್ತು. ಮಂದಿ ಖುಷಿಯಿಂದ ಬಳಸಿದರು. 5.18ರಲ್ಲಿ ಅದಕ್ಕ 'ಪ್ರಾಯೋಗಿಕ' ಅಂತ ಹಣೆಪಟ್ಟಿ ಬಿತ್ತು, 5.38ರಲ್ಲಿ 'ಇನ್ನ ಬಳಸಬ್ಯಾಡ್ರಿ' ಅನ್ನೋ ಪಟ್ಟಿಗೆ ಹೋತು. ಪೈಥಾನ್‌ನಲ್ಲೂ ಇಂಥದೈತಿ: 2018ರ 3.7ರಲ್ಲಿ 'ಅನೋಟೇಶನ್ಸ್' ಅನ್ನೋ ಫ್ಯೂಚರ್ ಸ್ವಿಚ್ ಬಂತು, 3.10ರಿಂದ ಕಡ್ಡಾಯ ಅಂದರು, ಪೈಡಾಂಟಿಕ್‌ನಂಥ ಲೈಬ್ರರಿಗಳವರು ನಮ್ಮದು ಮುರೀತದ ಅಂತ ದನಿ ಎತ್ತಿದ ಮೇಲೆ ಹಿಂದಕ್ಕ ತಗೊಂಡರು. ಕೊನಿಗಿ 2025ರ 3.14ರಲ್ಲಿ ಬೇರೆ ದಾರಿಯನ್ನೇ ಹಿಡಿದರು. ಭವಿಷ್ಯ ಅಂತ ಹೆಸರಿಟ್ಟದ್ದು ಭವಿಷ್ಯ ಆಗಲೇ ಇಲ್ಲ.

ಅದಕ್ಕ ನನ್ನ ಅಳತೆಗೋಲು ಇಷ್ಟು. ಸ್ವಿಚ್ ತಪ್ಪನ್ನ ಹಿಡಿಯಾಕ ಇದ್ರ ಇವತ್ತೇ ಹಾಕ್ರಿ. ಬರಿಯೂದು ಸೊಗಸಾಗಲಿ ಅನ್ನಾಕ ಅಷ್ಟೇ ಇದ್ರ, ಮತ್ತ 'ಪ್ರಾಯೋಗಿಕ' ಅಂತ ಬರೆದಿದ್ರ, ನಿಮ್ಮ ಸ್ವಂತ ಫೈಲಿನಲ್ಲಿ ಆಡಿ ನೋಡ್ರಿ, ನಾಲ್ಕು ಮಂದಿಯ ಗ್ರೂಪ್ ಪ್ರಾಜೆಕ್ಟ್‌ನಾಗ ಬ್ಯಾಡ.

ಮತ್ತ ಸ್ವಿಚ್ ಹಾಕಿದ್ದನ್ನ ಫೈಲಿನ ಒಳಗೇ ಬರೀರಿ. ನಿಮ್ಮ ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಾಗ ಹಾಕಿ, ಬರೇ ಕೋಡ್ ವಾಟ್ಸಾಪ್ ಮಾಡಿದ್ರ, ಹಳೆ ಆವೃತ್ತಿ ಇರೋ ಲ್ಯಾಬಿನ ಕಂಪ್ಯೂಟರ್‌ನಾಗ ಕೂತ ನಿಮ್ಮ ಗೆಳತಿಗೆ ಬೇರೆ ಉತ್ತರ ಬರ್ತದ. ಆಕಿ ತನಗೇ ಬರಂಗಿಲ್ಲ ಅಂತ ತಿಳ್ಕೋತಾಳ. ನಮ್ಮ ತಿಕೋಟಾ, ಬಬಲೇಶ್ವರ ಕಡೆಯ ಕಾಮರ್ಸ್ ಹುಡುಗ ಹುಡುಗಿಯರು 'ಕೋಡಿಂಗ್ ನಮ್ಮದಲ್ಲ' ಅಂತ ಕೈಬಿಡೋದು ಬುದ್ಧಿ ಇಲ್ಲದಕ್ಕಲ್ಲ. ಯಾವ ನಿಯಮದ ಮೇಲೆ ಆಟ ನಡದೈತಿ ಅಂತ ಅವರಿಗೆ ಯಾರೂ ಹೇಳಿರಂಗಿಲ್ಲ.

ಫೈಲ್ ತನ್ನ ನಿಯಮ ತಾನೇ ಹೇಳದಿದ್ರ ಏನಾಗ್ತದ ಅಂತ ಕನ್ನಡ ಟೈಪ್ ಮಾಡಿದವರಿಗೆ ಗೊತ್ತು. ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟ್‌ನಲ್ಲಿ ಮಾಡಿದ ಅರ್ಜಿಯನ್ನ ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದ್ರ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣ್ತದ.

(5/5)
ಕನ್ನಡದ ಮಾತು ಬಂತಲ್ಲ, ಡಿಎಂನಾಗ ಭಾಳ ಮಂದಿ ಕೇಳಿದ್ದು: ಕೋಡ್‌ನಲ್ಲಿ ಕನ್ನಡದಾಗ ಹೆಸರು ಇಡಬಹುದಾ? ಇಡಬಹುದು, ಮತ್ತ ಅದೂ ಇದೇ ಸ್ವಿಚ್ಚಿನ ಕಥೆ. ಪರ್ಲ್‌ನಲ್ಲಿ ಅದಕ್ಕ 'ಯೂಸ್ ಯುಟಿಎಫ್8' ಅಂತ ಮೇಲೆ ಬರೀಬೇಕು. ರಸ್ಟ್ ಭಾಷೆಯಲ್ಲಿ ಅದು ಪ್ರಯೋಗದವರ ಆವೃತ್ತಿಯ ಸ್ವಿಚ್ ಆಗಿತ್ತು, 2021ರ ಜೂನ್‌ನ 1.53ರಿಂದ ಎಲ್ಲರಿಗೂ ತೆರೀತು. ಪೈಥಾನ್ 3ರಲ್ಲಿ ಸ್ವಿಚ್ಚೇ ಬ್ಯಾಡ; 'ಬಡ್ಡಿ = ಅಸಲು * ದರ * ವರ್ಷ / 100' ಅಂತ ನೇರ ಬರೀರಿ, ಓಡ್ತದ. ಇಫ್, ವೈಲ್ ಮಾತ್ರ ಇಂಗ್ಲಿಷ್‌ನಲ್ಲೇ. ಕಲಿಯೋವಾಗ ಹಿಂಗ ಬರೀರಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಸೂತ್ರ ಕಣ್ಣಿಗೆ ಕಾಣ್ತದ.

ಎರಡು ಕಡೆ ಮುಗ್ಗರಿಸ್ತೀರಿ, ಮೊದಲೇ ಹೇಳ್ತೀನಿ. ೭೫೦ ಅಂತ ಕನ್ನಡ ಅಂಕಿಯನ್ನ ಕೋಡ್‌ನಲ್ಲಿ ಸಂಖ್ಯೆಯಾಗಿ ನೇರ ಬರೆದ್ರ ಎರರ್. ಕೋಟ್ಸ್ ಒಳಗ ಇಟ್ಟು 'ಇಂಟ್' ಫಂಕ್ಷನ್‌ಗೆ ಕೊಟ್ರ 750 ಅಂತ ಸರಿಯಾಗಿ ಓದ್ತದ. ಇನ್ನೊಂದು, 'ರ‍್ಯಾಂಕ್' ಅಂತ ಹೆಸರಿಟ್ರ ಪೈಥಾನ್ ಒಪ್ಪಂಗಿಲ್ಲ. ಆ ರ ಮತ್ತ ಯ ಒತ್ತಿನ ನಡುವ ಕಣ್ಣಿಗೆ ಕಾಣದ ಒಂದು ಜೋಡಣೆ ಅಕ್ಷರ ಕೂತಿರ್ತದ, ಹೆಸರಿನೊಳಗ ಅದಕ್ಕ ಜಾಗ ಇಲ್ಲ. 'ಸ್ಥಾನ' ಅಂತ ಇಡ್ರಿ.

ನಿಮ್ಮ ಲ್ಯಾಬಿನಲ್ಲಿ ಪೈಥಾನ್ ತೆರೆದಾಗ ಮೇಲಿನ ಸಾಲಿನಲ್ಲಿ ಒಂದು ನಂಬರ್ ಬರ್ತದಲ್ಲ, ಅದನ್ನ ನೋಡಿ ಕಮೆಂಟ್‌ನಾಗ ಹಾಕ್ರಿ. 2ರಿಂದ ಶುರು ಆಗಿದ್ರ ನನಗ ಟ್ಯಾಗ್ ಮಾಡ್ರಿ, ಮ್ಯಾಲೆ ಯಾವ ಸಾಲು ಬರಿಯೂದು ಅಂತ ಕಳಸ್ತೀನಿ.