ಕಂಪೈಲರ್ ಓದುವ ಕರಾರು

‘ಕಾರು ಓಡಿಸೋಕೆ ಎಂಜಿನ್ ಬಿಚ್ಚೋದು ಗೊತ್ತಿರಬೇಕಾ ಸರ್?’ ಸಿ ಭಾಷೆ ಕಲಿಯುತ್ತಿದ್ದ ಹುಡುಗನೊಬ್ಬ ಕೇಳಿದ. ನಾವು ಬರೆದ ಕೋಡನ್ನು ಕಂಪೈಲರ್ ಏನು ಮಾಡುತ್ತದೆ ಎಂದು ವಿವರಿಸಲು ಹೊರಟಿದ್ದೆ. ಈ ಮಾತು ಅವನೊಬ್ಬನದಲ್ಲ, ವರ್ಷಗಳಿಂದ ಕೇಳುತ್ತಿದ್ದೇನೆ. ಹೋಲಿಕೆಯೇ ತಪ್ಪು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಕಾರು ಎಡಕ್ಕೇ ಹೋಗುತ್ತದೆ. ‘ಇವನಿಗೆ ಈ ತಿರುವು ಬೇಕಿರಲಿಕ್ಕಿಲ್ಲ’ ಎಂದು ಎಂಜಿನ್ ತರ್ಕ ಮಾಡುವುದಿಲ್ಲ. ಕಂಪೈಲರ್ ಮಾಡುತ್ತದೆ.

2009ರಲ್ಲಿ ಲಿನಕ್ಸ್ ಕರ್ನಲ್‌ನಲ್ಲಿ ಸಿಕ್ಕ ಒಂದು ದೋಷವನ್ನು ನೋಡಿ. ‘ಟನ್’ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಪಾಯಿಂಟರ್ ನಲ್ ಆಗಿದೆಯೇ ಎಂದು ಪರೀಕ್ಷಿಸುವ ಸಾಲಿತ್ತು. ಆದರೆ ಅದಕ್ಕಿಂತ ಮೇಲಿನ ಸಾಲಿನಲ್ಲೇ ಅದೇ ಪಾಯಿಂಟರ್ ಹಿಡಿದು ಒಳಗಿನ ಮಾಹಿತಿಯನ್ನು ಓದಿಯಾಗಿತ್ತು. ಜಿಸಿಸಿ ಕಂಪೈಲರ್ ಯೋಚಿಸಿದ್ದು ಹೀಗೆ: ನಲ್ ಪಾಯಿಂಟರ್ ಮೂಲಕ ಓದಿದರೆ ಏನಾಗಬೇಕೆಂದು ಸಿ ಭಾಷೆಯ ನಿಯಮ ಹೇಳುವುದಿಲ್ಲ, ಹಾಗೆ ಮಾಡದಿರುವುದು ಬರೆಯುವವರ ಹೊಣೆ, ಇವರು ಓದಿದ್ದಾರೆಂದರೆ ಅದು ನಲ್ ಅಲ್ಲ, ಅಂದಮೇಲೆ ಕೆಳಗಿನ ಪರೀಕ್ಷೆ ದಂಡ. ಸಾಲನ್ನು ತೆಗೆದುಹಾಕಿತು! ಮೂಲ ಕೋಡನ್ನು ಹತ್ತು ಸಲ ಓದಿದರೂ ಪರೀಕ್ಷೆ ಅಲ್ಲೇ ಕಣ್ಣೆದುರು ಇರುತ್ತದೆ. ಓಡುವ ಕರ್ನಲ್‌ನಲ್ಲಿ ಅದಿಲ್ಲ. ಆ ಬಿರುಕಿನಿಂದ ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರದ ಒಡೆತನ ಪಡೆಯಬಹುದೆಂದು ತೋರಿಸಿಕೊಟ್ಟರು. ಇಂಥ ಪರೀಕ್ಷೆಗಳನ್ನು ಅಳಿಸಬೇಡ ಎಂದು ಕಂಪೈಲರ್‌ಗೆ ಹೇಳುವ ಆಯ್ಕೆಯನ್ನು ಆಮೇಲೆ ಕರ್ನಲ್‌ನವರು ಸೇರಿಸಿದರು.

ಇಲ್ಲಿ ಕಂಪೈಲರ್ ತಪ್ಪು ಮಾಡಲಿಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ. ಭಾಷೆಯೆಂಬುದು ಒಂದು ಕರಾರುಪತ್ರ. ಕಂಪೈಲರ್ ಅದನ್ನು ಅಕ್ಷರ ಬಿಡದೆ ಓದಿದೆ, ಸಹಿ ಹಾಕಿದ ನಾವು ಓದಿಲ್ಲ.

ಇದಕ್ಕೆ ಎದುರಾಗಿ ಗೌರವಿಸಬೇಕಾದ ವಾದವೊಂದಿದೆ. 1952ರಲ್ಲಿ ಗ್ರೇಸ್ ಹಾಪರ್, 1957ರಲ್ಲಿ ಫೋರ್‌ಟ್ರಾನ್ ತಂದ ಜಾನ್ ಬ್ಯಾಕಸ್ ತಂಡ, ಇವರೆಲ್ಲ ದುಡಿದದ್ದೇ ಮನುಷ್ಯ ಯಂತ್ರದ ಭಾಷೆಯಲ್ಲಿ ತಿಣುಕಬಾರದೆಂದು. ವಿಜ್ಞಾನಿಯೊಬ್ಬರು ರಿಜಿಸ್ಟರುಗಳ ಚಿಂತೆಯಿಲ್ಲದೆ ಸಮೀಕರಣ ಬರೆಯಲು ಸಾಧ್ಯವಾದದ್ದು ಅವರಿಂದ. ಆ ಬಿಡುಗಡೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ದಿನದ ಬಹುಪಾಲು ಕೆಲಸಕ್ಕೆ ಒಳಗಿನದ್ದು ನೆನಪಾಗಬೇಕಿಲ್ಲ, ನಿಜ. ಆದರೆ ನೆನಪಾಗಬೇಕಿಲ್ಲ ಎನ್ನುವುದು ಬೇರೆ, ಗೊತ್ತೇ ಇರಬೇಕಿಲ್ಲ ಎನ್ನುವುದು ಬೇರೆ.

‘ಸುರಕ್ಷಿತ ಭಾಷೆಗಳು ಬಂದಿವೆಯಲ್ಲ, ರಸ್ಟ್ ಕಲಿತರಾಯಿತು’ ಎನ್ನುವವರ ಮಾತಿನಲ್ಲೂ ತೂಕವಿದೆ. ಟನ್ ಡ್ರೈವರಿನಂಥ ಎಡವಟ್ಟಿಗೆ ರಸ್ಟ್ ಸಾಮಾನ್ಯವಾಗಿ ಅವಕಾಶವನ್ನೇ ಕೊಡದು. ಆದರೆ ರಸ್ಟ್‌ನಲ್ಲಿ ಒಂದು ಪೂರ್ಣಾಂಕವನ್ನು ಬೇರೆ ಹೆಸರಿಗೆ ಕೊಟ್ಟರೆ ಹಳೆಯ ಹೆಸರೂ ಬದುಕಿರುತ್ತದೆ. ಸ್ಟ್ರಿಂಗ್ ಒಂದನ್ನು ಕೊಟ್ಟರೆ ಹಳೆಯ ಹೆಸರು ಮತ್ತೆ ಬಳಕೆಗಿಲ್ಲ. ಏಕೆ? ಸ್ಟ್ರಿಂಗ್‌ನ ಅಕ್ಷರಗಳಿರುವುದು ಹೀಪ್‌ನಲ್ಲಿ. ಅದಕ್ಕೆ ಇಬ್ಬರು ಒಡೆಯರಾದರೆ ಒಂದೇ ಜಾಗವನ್ನು ಎರಡು ಸಲ ಬಿಟ್ಟುಕೊಟ್ಟಂತಾಗುತ್ತದೆ. ಮೆಮೊರಿಯ ಚಿತ್ರ ಮನಸ್ಸಿನಲ್ಲಿಲ್ಲದವನಿಗೆ ಇದು ಕಾರಣವಿಲ್ಲದ ಗದರಿಕೆಯಾಗಿ ಕೇಳಿಸುತ್ತದೆ. ಇನ್ನು, ಇಂಟರ್‌ವ್ಯೂನಲ್ಲಿ ಕೇಳುವುದಿಲ್ಲವಾದ್ದರಿಂದ ಬೇಡ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಕಲಿಯಲು ಕಂಪೈಲರನ್ನೇ ಬರೆಯಬೇಕಿಲ್ಲ. ಒಂದು ಬೈಟಿನ ಅಕ್ಷರ, ನಾಲ್ಕು ಬೈಟಿನ ಪೂರ್ಣಾಂಕ, ಮತ್ತೊಂದು ಅಕ್ಷರ ಇರುವ ಸ್ಟ್ರಕ್ಟ್ ಬರೆದು ಅಳೆಯಿರಿ. ಆರು ಬೈಟಲ್ಲ, ನಮ್ಮ ಇಂದಿನ ಕಂಪ್ಯೂಟರುಗಳಲ್ಲಿ 12 ಬರುತ್ತದೆ. ಪೂರ್ಣಾಂಕವನ್ನು ಮೊದಲಿಗೆ ತನ್ನಿ, 8 ಆಗುತ್ತದೆ. ಒಂದು ಕೋಟಿ ದಾಖಲೆಗಳಿದ್ದರೆ ಉಳಿದದ್ದು ನಾಲ್ಕು ಕೋಟಿ ಬೈಟು, ಬದಲಿಸಿದ್ದು ಒಂದು ಸಾಲಿನ ಸ್ಥಾನ.

ಆ ಹುಡುಗನಿಂದ ಒಂದರಿಂದ ಎನ್‌ವರೆಗೆ ಕೂಡುವ ಲೂಪ್ ಬರೆಸಿದೆ. ಕ್ಲ್ಯಾಂಗ್ ಕಂಪೈಲರ್‌ಗೆ ಕೊಟ್ಟು, ಆಪ್ಟಿಮೈಸೇಶನ್ ಹಾಕಿ, ಹೊರಬಂದ ಅಸೆಂಬ್ಲಿಯನ್ನು ಇಬ್ಬರೂ ಓದಿದೆವು. ಲೂಪ್ ಇರಲಿಲ್ಲ. ಅದರ ಜಾಗದಲ್ಲಿ ಒಂದು ಗುಣಾಕಾರ, ಎರಡರಿಂದ ಭಾಗಿಸುವ ಒಂದು ಶಿಫ್ಟ್. ಹೈಸ್ಕೂಲಿನಲ್ಲಿ ಕಲಿತ ಸೂತ್ರವೇ. ಅವನು ಏನೂ ಹೇಳದೆ ಕೋಡನ್ನು ವರ್ಗಗಳ ಮೊತ್ತಕ್ಕೆ ಬದಲಾಯಿಸಿ ಮತ್ತೆ ಓಡಿಸಿದ. ಆಗಲೂ ಲೂಪ್ ಸಿಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡ.