ಜೀಪಿಗೆ ಟಾಪೋ, ನಮಗೆ ಟೋಪಿಯೋ?

ಮಣಲಿಯ ಕನ್ನಡ ಮನೆಗಳಲ್ಲಿ ನಾಲ್ಕು ಜನ ಸೇರಿದರೆ ಸಾಕು, ಮಾತು ಈಗ ಜೀಪಿನ ಕಡೆಗೆ ಹೊರಳುತ್ತದೆ. ಹಿಂದೆ ಸೈಟು, ಚಿನ್ನ, ಮಗನ ಇಂಜಿನಿಯರಿಂಗ್ ಸೀಟು ಇದ್ದ ಜಾಗದಲ್ಲಿ ಇಂದು ಥಾರ್ ಗಾಡಿ ಬಂದು ಕುಳಿತಿದೆ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬಂದವರಿಗಂತೂ ಜೀಪೆಂದರೆ ತೋಟದ ಕೆಸರು, ಸಂತೆಯ ದಾರಿ, ಅಜ್ಜನ ಕಾಲದ ನೆನಪು. ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಜೀಪಿನ ಮೇಲಲ್ಲ, ಅದರ ತಲೆಯ ಮೇಲೆ ಕೂರಿಸುವ ವಸ್ತುವಿನ ಮೇಲೆ.

ನಮ್ಮವರಲ್ಲಿ ಒಂದು ಸಲಹೆ ಬಾಯಿಂದ ಬಾಯಿಗೆ ಓಡಾಡುತ್ತಿದೆ. "ಬಟ್ಟೆ ಟಾಪಿನ ಗಾಡಿಯನ್ನು ಅಗ್ಗಕ್ಕೆ ಹಿಡಿಯಿರಿ ರಾಯರೇ, ಆಮೇಲೆ ಹೊರಗಡೆ ಒಂದು ಫೈಬರ್ ಟಾಪು ಹಾಕಿಸಿಕೊಳ್ಳಿ. ಕಂಪನಿಯವರು ಗಟ್ಟಿ ಟಾಪಿನ ಹೆಸರಿನಲ್ಲಿ ಸುಲಿಯುತ್ತಾರೆ." ಹೀಗೆ ಹೇಳುವವರು ಅವಿದ್ಯಾವಂತರಲ್ಲ. ಕೆಲವರು ಇಲ್ಲಿಯ ಕಾರ್ಖಾನೆಗಳಲ್ಲಿ ಸುರಕ್ಷತೆಯ ಪಾಠ ಹೇಳಿ ಸಂಬಳ ಪಡೆಯುವವರು. ಮುದ್ರೆಯಿಲ್ಲದ ಹೆಲ್ಮೆಟ್ ಧರಿಸಿದ ಕೂಲಿಯನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸುವ ಈ ಮಹನೀಯರು, ತಮ್ಮ ಹೆಂಡತಿ ಮಕ್ಕಳ ತಲೆಯ ಮೇಲೆ ಯಾವ ಮುದ್ರೆಯೂ ಇಲ್ಲದ ಚಾವಣಿಯನ್ನು ಸಂತೋಷದಿಂದ ಕೂರಿಸುತ್ತಾರೆ! ಇದನ್ನು ನೋಡಿ ಸುಮ್ಮನಿರುವುದು ನನ್ನಿಂದ ಆಗುತ್ತಿಲ್ಲ.

ಈ ಹೊರಗಿನ ಟಾಪಿನ ವ್ಯಾಪಾರ ಹುಟ್ಟಿದ್ದು ಸುಮ್ಮನೆ ಅಲ್ಲ ಎಂಬುದನ್ನು ಒಪ್ಪಬೇಕು. 1985ರ ಕೊನೆಗೆ ಬಂದ ಮಾರುತಿ ಜಿಪ್ಸಿಯಲ್ಲಿ ಬಟ್ಟೆಯ ಟಾಪೂ ಇತ್ತು, ಗಟ್ಟಿ ಟಾಪೂ ಇತ್ತು. ಆದರೆ 2010ರಲ್ಲಿ ಬಂದ ಮೊದಲ ಥಾರ್ ಕಾರ್ಖಾನೆಯಿಂದ ಹೊರಬರುತ್ತಿದ್ದುದು ಕ್ಯಾನ್ವಾಸ್ ಹೊದ್ದುಕೊಂಡು. ಮಳೆ, ಧೂಳು, ಕಳ್ಳರು, ಈ ಮೂವರಿಂದಲೂ ಕ್ಯಾನ್ವಾಸ್ ಕಾಪಾಡುವುದಿಲ್ಲ. ಕಂಪನಿ ಕೊಡದಿದ್ದುದನ್ನು ಗ್ಯಾರೇಜಿನವರು ಕೊಟ್ಟರು. ಆಗ ಅದು ಅಗತ್ಯವಾಗಿತ್ತು. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಹೊಸ ಥಾರ್‌ನಲ್ಲಿ ಕಾರ್ಖಾನೆಯದೇ ಗಟ್ಟಿ ಟಾಪು ಬಂತು. ಅಲ್ಲಿಗೆ ಆ ಅಗತ್ಯ ಮುಗಿಯಬೇಕಾಗಿತ್ತು. ಅಗತ್ಯ ಮುಗಿಯಿತು, ಅಭ್ಯಾಸ ಮಾತ್ರ ಉಳಿಯಿತು.

ಇನ್ನು ಈ ಫೈಬರ್ ಎಂಬುದೇನು? ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಇಪ್ಪತ್ತು ವರ್ಷ ಫೈಲುಗಳ ಕೆಳಗೆ ಬಿದ್ದಿದ್ದರೂ ಇಷ್ಟು ಹೇಳಲು ಸಾಕು. ಗಾಜಿನ ಎಳೆಗಳ ಚಾಪೆಯನ್ನು ಅಚ್ಚಿನ ಮೇಲೆ ಹಾಸಿ, ಪಾಲಿಯೆಸ್ಟರ್ ರೆಸಿನ್ ಎಂಬ ಅಂಟನ್ನು ಬಳಿದು ಗಟ್ಟಿಯಾಗಿಸುವುದೇ ಫೈಬರ್ ಕೆಲಸ. ಆ ರೆಸಿನ್ನಿಗೆ ಬೇಕಾಗುವ ಮುಖ್ಯ ಸಾಮಗ್ರಿಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಒಂದು. ಅದು ತಯಾರಾಗುವುದು ನಮ್ಮ ಮಣಲಿಯಲ್ಲೇ. ಅಂದರೆ ದೇಶದ ಎಷ್ಟೋ ಜೀಪುಗಳ ಟಾಪಿನ ಒಂದು ಅಂಶ ನಮ್ಮ ಮನೆಯ ಹಿಂದಿನ ಕೊಳವೆಗಳಿಂದ ಹೊರಟದ್ದಿರಬಹುದು. ಈ ವಸ್ತುವನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಅಮೆರಿಕದ ಜೀಪ್ ಕಂಪನಿಯೇ 1976ರ ಸಿ.ಜೆ.-7 ಗಾಡಿಗೆ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಟಾಪನ್ನು ಕೊಟ್ಟಿತ್ತು. ದೋಷ ವಸ್ತುವಿನಲ್ಲಿಲ್ಲ, ಅಳತೆಯಲ್ಲಿದೆ. ರೆಸಿನ್ನಿಗೆ ಬೆರೆಸುವ ಕ್ಯಾಟಲಿಸ್ಟ್ ನೂರಕ್ಕೆ ಒಂದೆರಡು ಪಾಲು. ಕಡಿಮೆಯಾದರೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಬಿಸಿಯೇರಿ ಬಿರುಕು ಬಿಡುತ್ತದೆ. ಕಾರ್ಖಾನೆಯಲ್ಲಿ ಇದನ್ನು ತೂಗಿ ಅಳೆದು ಹಾಕುತ್ತಾರೆ. ಎಷ್ಟೋ ಶೆಡ್ಡುಗಳಲ್ಲಿ ಬಾಟಲಿಯ ಮುಚ್ಚಳವೇ ಅಳತೆ, ಹುಡುಗನ ಕಣ್ಣೇ ತಕ್ಕಡಿ. ಹೊಸ ಟಾಪಿನ ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ತೆಗೆದಾಗ ಮೂಗಿಗೆ ಚುಚ್ಚುವ ವಾಸನೆ ತಿಂಗಳುಗಟ್ಟಲೆ ಬರುತ್ತಿದ್ದರೆ ರೆಸಿನ್ ಪೂರ್ತಿ ಗಟ್ಟಿಯಾಗಿಲ್ಲ, ಸ್ಟೈರೀನ್ ಆವಿ ಇನ್ನೂ ಹೊರಡುತ್ತಿದೆ ಎಂದು ಶಂಕಿಸಬೇಕು. (ವಾಸನೆಯ ವಿಷಯವನ್ನು ಮಣಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ!)

ನನ್ನ ಭಾವಮೈದುನ ಇಂಥದೊಂದು ಟಾಪು ಹಾಕಿಸಿದ್ದ. ಅಂಗಡಿಯ ಹೆಸರು ಬೇಡ. ಮೊದಲನೆಯ ಹಿಂಗಾರು ಮಳೆಯಲ್ಲೇ ಮುಂದಿನ ಗಾಜಿನ ಚೌಕಟ್ಟಿಗೂ ಟಾಪಿಗೂ ನಡುವಿನಿಂದ ನೀರು ಇಳಿದು ಅವನ ಮಡಿಲು ತುಂಬಿತು. ಎರಡನೆಯ ವರ್ಷ ಬೋಲ್ಟಿನ ತೂತುಗಳ ಸುತ್ತ ಜೇಡರ ಬಲೆಯಂತೆ ಸೀಳು. ಕೇಳಲು ಹೋದರೆ "ರೋಡು ಸರಿಯಿಲ್ಲ ಸಾರ್" ಎಂಬ ಉತ್ತರ. ಕಾಡುಮೇಡು ಹತ್ತುವ ಗಾಡಿಗೆಂದು ಮಾಡಿದ ಟಾಪಿಗೆ ರೋಡು ಸರಿಯಿರಬೇಕಂತೆ!

ಸೋರುವುದು ಸಣ್ಣ ಮಾತು, ಬಟ್ಟೆಯಿಂದ ಒರೆಸಿದರಾಯಿತು. ದೊಡ್ಡ ಮಾತು ಬೇರೆ ಇದೆ. ಗಟ್ಟಿ ಟಾಪು ಬಂದ ಕೂಡಲೇ ಮನೆಯವರಿಗೆಲ್ಲ ಒಂದು ಧೈರ್ಯ ಬರುತ್ತದೆ. ಕ್ಯಾನ್ವಾಸ್ ಇದ್ದಾಗ ಹಿಂದೆ ಕೂರಲು ಹೆದರುತ್ತಿದ್ದ ಅಜ್ಜಿ, ಟಾಪು ಬಂದ ಮೇಲೆ ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ಕೂರುತ್ತಾರೆ. ಹಳೆಯ ಥಾರ್‌ನ ಹಿಂದಿನ ಸೀಟುಗಳೋ, ಬಸ್ಸಿನ ಉದ್ದ ಬೆಂಚಿನಂತೆ ಎದುರುಬದುರು ಇದ್ದವು. ಗಾಡಿ ಉರುಳಿದಾಗ ಭಾರ ಹೊರಬೇಕಾದದ್ದು ಚಾಸಿಗೆ ಭದ್ರವಾಗಿ ಕೂರಿಸಿದ ಉಕ್ಕಿನ ಪಂಜರ. ಫೈಬರಿನ ಚಿಪ್ಪು ಆ ಭಾರ ಹೊರುವುದಿಲ್ಲ. ಕ್ಯಾನ್ವಾಸನ್ನು ಎತ್ತಿ ಹಿಡಿದಿದ್ದ ತೆಳ್ಳನೆಯ ಕೊಳವೆಗಳೂ ಹೊರುವುದಿಲ್ಲ. ಕಾರ್ಖಾನೆಯ ಟಾಪಿರಲಿ, ಶೆಡ್ಡಿನ ಟಾಪಿರಲಿ, ಒಳಗೆ ಪಂಜರವಿಲ್ಲದಿದ್ದರೆ ಅದು ಮಳೆಗೆ ಕೊಡೆ ಅಷ್ಟೆ. ವ್ಯತ್ಯಾಸವಿರುವುದು ಇಲ್ಲಿ: ಕಾರ್ಖಾನೆಯವರು ಗಾಡಿಯನ್ನು, ಪಂಜರವನ್ನು, ಸೀಟು ಬೆಲ್ಟುಗಳನ್ನು, ಟಾಪನ್ನು ಒಟ್ಟಿಗೆ ಯೋಚಿಸಿ ಮಾಡಿರುತ್ತಾರೆ. ಶೆಡ್ಡಿನವನು ನೋಡುವುದು ತನ್ನ ಅಚ್ಚು ಕೂರುತ್ತದೆಯೇ ಎಂದು. ಕೂರದಿದ್ದರೆ ಅಡ್ಡ ಬಂದ ಕೊಳವೆಯನ್ನೇ ಕತ್ತರಿಸಿ ಹಾಕುತ್ತಾನೆ.

ಕಂಪನಿಯ ಪರವಾಗಿ ವಾದಿಸುವವರು 2020ರ ನವೆಂಬರಿನ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಥಾರ್‌ಗೆ ಸಿಕ್ಕ 4 ನಕ್ಷತ್ರಗಳನ್ನು ಮುಂದಿಡುತ್ತಾರೆ. ಅವರಿಗೂ ಒಂದು ಮಾತು. ಆ ನಕ್ಷತ್ರಗಳು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂಭಾಗದಿಂದ ಡಿಕ್ಕಿ ಹೊಡೆಸಿ ಕೊಟ್ಟವು. ಉರುಳಿದಾಗ ಟಾಪು ಏನಾಗುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕಂಪನಿಯ ಟಾಪೂ ದೇವಲೋಕದಿಂದ ಇಳಿದದ್ದಲ್ಲ.

ತೂಕದ ವಿಚಾರಕ್ಕೆ ಬನ್ನಿ. ನಾಲ್ಕಾಳು ಹಿಡಿದು ಎತ್ತಿ ಕೂರಿಸುವ ವಸ್ತುವನ್ನು ನೆಲದಿಂದ ಆರಡಿ ಎತ್ತರದಲ್ಲಿ ಇಟ್ಟರೆ ಗಾಡಿಯ ಗುರುತ್ವಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ವಾಲುವುದು ಹೆಚ್ಚುತ್ತದೆ. ಅದೂ ಸಾಲದೆ ಟಾಪಿನ ಮೇಲೊಂದು ಕ್ಯಾರಿಯರ್. ಊರಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ, ಬಾಳೆಗೊನೆ ಎಲ್ಲ ಅಲ್ಲಿಗೇ. ಶಿರಾಡಿ ಘಾಟಿಯ ತಿರುವುಗಳಲ್ಲಿ ಇದರ ಅರ್ಥವೇನೆಂದು ಆ ದಾರಿಯಲ್ಲಿ ಓಡಾಡಿದವರು ಬಲ್ಲರು. ಕಿಟಕಿಯ ಗಾಜನ್ನೂ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ ಕೇಳುವುದು ಸುರಕ್ಷಾ ಗಾಜನ್ನು. ಮೂಲೆಯಲ್ಲಿ ಅದರ ಗುರುತಿರಬೇಕು. ಅಗ್ಗದ ಟಾಪುಗಳಲ್ಲಿ ಅಕ್ರಿಲಿಕ್ ಹಾಳೆ ಕೂರಿಸಿ ಮೇಲೆ ಕಪ್ಪು ಹಾಳೆ ಅಂಟಿಸುವುದುಂಟು. ಕಪ್ಪು ಹಾಳೆಯನ್ನು ಸುಪ್ರೀಂ ಕೋರ್ಟು 2012ರಲ್ಲೇ ಬೇಡವೆಂದಿತು. ಹಿಂದಿನ ಕಿಟಕಿ ತೆರೆಯದಿದ್ದರೆ, ಮುಂದಿನ ಬಾಗಿಲು ನಜ್ಜುಗುಜ್ಜಾದಾಗ ಹಿಂದೆ ಕುಳಿತವರು ಹೊರಬರುವುದು ಎಲ್ಲಿಂದ? ಕ್ಯಾನ್ವಾಸ್ ಇದ್ದಾಗ ಚಾಕುವಿನಿಂದ ಹರಿದಾದರೂ ಎಳೆಯಬಹುದಿತ್ತು.

ಈಗ ಕಾಗದದ ವಿಷಯ. ಗುಮಾಸ್ತನಿಗೆ ಕಾಗದದ ಮೇಲೆ ಮೋಹ ಎಂದು ನಗಬೇಡಿ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ನಮ್ಮಂಥವನ ಮೇಜಿನ ಮುಂದೆಯೇ. ನೋಂದಣಿಯ ಆರ್.ಸಿ.ಯಲ್ಲಿ ಬಾಡಿಯ ವಿಧ, ಖಾಲಿ ತೂಕ, ಆಸನಗಳ ಸಂಖ್ಯೆ ದಾಖಲಾಗಿರುತ್ತವೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. "ಟಾಪು ಹಾಕಿದರೆ ಗಾಡಿಯ ಮೂಲ ಸ್ವರೂಪ ಬದಲಾಯಿತೇ?" ಎಂದು ವಾದಿಸಬಹುದು, ವಕೀಲರಿಗೆ ಅದೇ ಊಟ. ಆದರೆ ಆ ವಾದವನ್ನು ರಸ್ತೆಯ ಬದಿಯಲ್ಲಿ ಇನ್ಸ್‌ಪೆಕ್ಟರ ಎದುರೋ, ಅಪಘಾತದ ನಂತರ ವಿಮಾ ಕಂಪನಿಯ ಸರ್ವೇಯರ ಎದುರೋ ಮಾಡಬೇಕಾಗಿ ಬಂದಾಗ ಗೊತ್ತಾಗುತ್ತದೆ.

ಇತರರಿಗಿಂತ ವಲಸೆ ಬಂದ ನಮಗೇ ಇದು ಹೆಚ್ಚು ತಟ್ಟುವ ವಿಷಯ. ನಿವೃತ್ತಿಯಾದ ಮೇಲೆ ಮೈಸೂರಿಗೋ ಹಾಸನಕ್ಕೋ ಹಿಂದಿರುಗುವುದು ನಮ್ಮಲ್ಲಿ ಬಹಳ ಜನರ ಆಸೆ. ಆಗ ತಮಿಳುನಾಡಿನ ಗಾಡಿಗೆ ಇಲ್ಲಿಂದ ನಿರಾಕ್ಷೇಪಣಾ ಪತ್ರ ಪಡೆದು, ಅಲ್ಲಿ ಆರ್.ಟಿ.ಓ. ಮುಂದೆ ಗಾಡಿಯನ್ನು ನಿಲ್ಲಿಸಿ, ಹೊಸ ನಂಬರು ಪಡೆಯಬೇಕು. ಚೆನ್ನೈಯ ಬೀದಿಯಲ್ಲಿ ಹತ್ತು ವರ್ಷ ಯಾರೂ ಕೇಳದಿದ್ದ ಪ್ರಶ್ನೆಯನ್ನು ಆ ಒಂದು ದಿನ ಕೇಳುತ್ತಾರೆ: ಪುಸ್ತಕದಲ್ಲಿ ಬಟ್ಟೆಯ ಟಾಪು, ಗಾಡಿಯ ಮೇಲೆ ಬೇರೆಯೇ ಟಾಪು, ಇದು ಯಾವುದಯ್ಯಾ? ಬಿ.ಎಚ್. ಸರಣಿಯ ನಂಬರು ಪಡೆದ ಕೇಂದ್ರ ನೌಕರರಿಗೆ ರಾಜ್ಯ ದಾಟುವ ಕಷ್ಟ ಕಡಿಮೆ, ನಿಜ. ಗಾಡಿ ಮಾರುವ ದಿನ ಕೊಳ್ಳುವವನು ಕೇಳುವ ಪ್ರಶ್ನೆ ಮಾತ್ರ ಅವರಿಗೂ ತಪ್ಪುವುದಿಲ್ಲ.

ನನ್ನ ಎದುರಾಳಿಗಳ ಕೈಯಲ್ಲಿ ಒಂದು ಬಲವಾದ ವಾದವಿದೆ. "ಎಣ್ಣೂರಿನ ಅಶೋಕ್ ಲೇಲ್ಯಾಂಡ್ ಚಾಸಿಗಳು ಕರೂರಿಗೆ ಹೋಗಿ ಬಸ್ಸಾಗಲಿಲ್ಲವೇ? ನಾಮಕ್ಕಲ್‌ನಲ್ಲಿ ಲಾರಿಯ ಬಾಡಿ ಕಟ್ಟುವುದಿಲ್ಲವೇ? ಐವತ್ತು ಜನರ ಬಸ್ಸಿಗೆ ಆಗುವ ಹೊರಗಿನ ಕೆಲಸ ನಾಲ್ಕು ಜನರ ಜೀಪಿಗೆ ಏಕಾಗದು?" ಸರಿಯಾದ ಪ್ರಶ್ನೆ. ಉತ್ತರವೂ ಅದರಲ್ಲೇ ಇದೆ. ಬಸ್ಸಿನ ಬಾಡಿಗೆ ಎ.ಐ.ಎಸ್.-052 ಎಂಬ ಸಂಹಿತೆಯಿದೆ. ತುರ್ತು ಬಾಗಿಲು, ಸೀಟು, ಬೆಂಕಿಗೆ ಬೇಗ ಹತ್ತದ ಸಾಮಗ್ರಿ, ಎಲ್ಲಕ್ಕೂ ಲೆಕ್ಕವಿದೆ. ಬಾಡಿ ಕಟ್ಟುವವರು ಮಾನ್ಯತೆ ಪಡೆಯಬೇಕು. ನಿಮ್ಮ ಜೀಪಿನ ಟಾಪು ಮಾಡಿದವನಿಗೆ ಯಾರ ಮಾನ್ಯತೆ ಇದೆ? ಬಿಲ್ಲಿನ ಮೇಲೆ "ಫಿಟ್ಟಿಂಗ್ ಚಾರ್ಜು" ಎಂದಷ್ಟೇ ಬರೆದುಕೊಟ್ಟಿದ್ದಾನಲ್ಲ, ಅದೂ ಬಿಲ್ಲು ಕೊಟ್ಟಿದ್ದರೆ!

ಆದ್ದರಿಂದ ಹೊಸ ಗಾಡಿ ಕೊಳ್ಳುವವರು ಕಾರ್ಖಾನೆಯ ಟಾಪನ್ನೇ ಕೊಳ್ಳಲಿ, ಹಣ ಸಾಲದಿದ್ದರೆ ಇನ್ನಾರು ತಿಂಗಳು ಕಾಯಲಿ. ಕಂಪನಿಗಳ ಮೇಲೂ ನನಗೆ ಸಿಟ್ಟಿದೆ. ಬಟ್ಟೆ ಟಾಪಿನ ಗಾಡಿಗಳನ್ನು ಮಾರಿದವರೇ, ಆ ಹಳೆಯ ಗಿರಾಕಿಗಳಿಗೆ ಪರೀಕ್ಷೆಯಾದ ಗಟ್ಟಿ ಟಾಪನ್ನು ಕಾಗದಪತ್ರದ ಸಮೇತ, ನ್ಯಾಯವಾದ ಬೆಲೆಗೆ ಕೊಡಬೇಕಾಗಿತ್ತು. ಸರಕಾರವೂ ಬಸ್ಸಿಗೆ ಮಾಡಿದಂತೆ ಟಾಪಿಗೂ ಒಂದು ಮಾನ್ಯತೆಯ ದಾರಿ ತೆರೆದರೆ, ಒಳ್ಳೆಯ ಕೆಲಸಗಾರನಿಗೂ ಅನ್ನ ಸಿಗುತ್ತದೆ, ಬಾಟಲಿ ಮುಚ್ಚಳದವನು ಅಂಗಡಿ ಮುಚ್ಚುತ್ತಾನೆ.

ಈಗಾಗಲೇ ಹೊರಗಿನ ಟಾಪು ಹಾಕಿಸಿಕೊಂಡವರು ಈ ಸಂಕ್ರಾಂತಿಗೆ ಊರಿಗೆ ಹೊರಡುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಗಾಡಿಯ ಸುತ್ತ ಬನ್ನಿ. ಬೋಲ್ಟಿನ ಬುಡಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಗಾಜಿನ ಮೂಲೆಯ ಗುರುತು ಹುಡುಕಿ, ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ಮಗನನ್ನು ಒಳಗೆ ಕೂರಿಸಿ ಪರೀಕ್ಷಿಸಿ. ಕ್ಯಾರಿಯರನ್ನು ಇಳಿಸಿಡಿ. ಸೋಮವಾರ ಒಂದು ಗಂಟೆ ಪರ್ಮಿಷನ್ ಹಾಕಿ, ಆರ್.ಸಿ. ತೆಗೆದುಕೊಂಡು ಆರ್.ಟಿ.ಓ. ಕಚೇರಿಗೆ ಹೋಗಿ, ನಿಮ್ಮ ಗಾಡಿಯ ವಿಷಯ ಬರವಣಿಗೆಯಲ್ಲಿ ಕೇಳಿ. ಅರ್ಜಿ ಬರೆಯಲು ಬಾರದವರು ನನ್ನ ಬಳಿಗೆ ಬನ್ನಿ, ಬರೆದುಕೊಡುತ್ತೇನೆ.